ಓಡಿಸುವ ಸುಖ, ಗಡಿಯಾರದ ವೇಗ, ಮಾರುವಾಗಿನ ಬೆಲೆ: ಸ್ಪೋರ್ಟ್ಸ್ ಕಾರು ಕುರಿತು ಓದುಗರ ಪ್ರಶ್ನೆಗಳು

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಸುತ್ತಿಬಳಸಿ ಒಂದೇ ಗೊಂದಲವನ್ನು ತೋಡಿಕೊಂಡಿವೆ. ದುಬಾರಿ ಸ್ಪೋರ್ಟ್ಸ್ ಕಾರು ಕೊಳ್ಳುವಾಗ ಓಡಿಸುವ ಸುಖವನ್ನು ನೋಡಬೇಕೋ, ಕಾಗದದ ಮೇಲಿನ ವೇಗವನ್ನು ನೋಡಬೇಕೋ, ಕೊನೆಗೊಂದು ದಿನ ಮಾರುವಾಗ ಕೈಗೆ ಬರುವ ಹಣವನ್ನು ನೋಡಬೇಕೋ ಎಂಬುದು ಆ ಗೊಂದಲ. ಐದು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನನ್ನ ಕೈಯಲ್ಲಿರುವ ಹಣಕ್ಕೆ ಎರಡು ಕಾರುಗಳು ಸಿಗುತ್ತವೆ. ಒಂದು, ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಸಾಧನ) ಇಲ್ಲದ ಆರು ಸಿಲಿಂಡರ್ ಎಂಜಿನ್, ಮ್ಯಾನುವಲ್ ಗೇರ್ ಇರುವ ಹಳೆಯ ಪೋರ್ಶೆ ಕೇಮನ್ ಎಸ್. ಇನ್ನೊಂದು, ಅದಕ್ಕಿಂತ ಬಹಳ ಹೊಸದಾದ, ಹೆಚ್ಚುಕಡಿಮೆ ಎರಡರಷ್ಟು ಅಶ್ವಶಕ್ತಿಯ, ಆಟೊಮ್ಯಾಟಿಕ್ ಗೇರ್‌ನ ದೊಡ್ಡ ಐಷಾರಾಮಿ ಕೂಪೆ, ಅಂದರೆ ಎರಡು ಬಾಗಿಲಿನ ಕಾರು; ಅದು ನಾಲ್ಕು ಸೆಕೆಂಡಿನಲ್ಲಿ ನೂರು ಕಿಲೋಮೀಟರ್ ವೇಗ ಮುಟ್ಟುತ್ತದೆ. ಎರಡನ್ನೂ ಓಡಿಸಿ ನೋಡಿದೆ. ಕೂಪೆ ಬೆರಗು ಹುಟ್ಟಿಸಿತು, ಆದರೆ ಮನಸ್ಸಿನಲ್ಲಿ ಉಳಿದದ್ದು ಕೇಮನ್. ಯಾವುದನ್ನು ಕೊಳ್ಳಲಿ?

ಉತ್ತರ: ಉತ್ತರವನ್ನು ನೀವೇ ಬರೆದಿದ್ದೀರಿ, ಕಾರಣ ಕೊಡುವುದಷ್ಟೇ ನನ್ನ ಪಾಲಿಗೆ ಉಳಿದಿದೆ. ದೊಡ್ಡ ಎಂಜಿನ್‌ನ ಪಿಕಪ್ ಕೊಡುವ ರೋಮಾಂಚನ ಸುಳ್ಳಲ್ಲ, ಅದಕ್ಕೆ ಮೂಗು ಮುರಿಯುವವರ ಮಾತನ್ನು ನಾನು ನಂಬುವುದೂ ಇಲ್ಲ. ಆದರೆ ಅದರ ಆಯುಸ್ಸು ಬಹಳ ಕಡಿಮೆ. ಅಷ್ಟು ಶಕ್ತಿಯ ಕಾರಿನಲ್ಲಿ ಆಕ್ಸಿಲರೇಟರನ್ನು ನೆಲಕ್ಕೊತ್ತಿದರೆ ಮೊದಲ ಎರಡು ಮೂರು ಗೇರುಗಳು ಮುಗಿಯುವಷ್ಟರಲ್ಲಿ ಬಹುತೇಕ ರಸ್ತೆಗಳ ವೇಗಮಿತಿ ಹಿಂದೆ ಬಿದ್ದಿರುತ್ತದೆ, ಅಲ್ಲಿಂದ ಮುಂದೆ ಉಳಿಯುವ ಕೆಲಸವೆಂದರೆ ಬ್ರೇಕ್ ಹಿಡಿಯುವುದು. ವೇಗ ಎರಡರಷ್ಟಾದರೆ ಚಲನಶಕ್ತಿ ನಾಲ್ಕರಷ್ಟಾಗುತ್ತದೆಯಾದ್ದರಿಂದ, ತಪ್ಪಿಗೆ ತೆರಬೇಕಾದ ದಂಡವೂ ಅದೇ ಲೆಕ್ಕದಲ್ಲಿ ಬೆಳೆಯುತ್ತದೆ. ಇದಕ್ಕಿಂತ ದೊಡ್ಡ ತೊಡಕೆಂದರೆ, ದೇಹ ಆ ನೂಕಿಗೆ ಬೇಗ ಒಗ್ಗಿಕೊಳ್ಳುತ್ತದೆ. ಮೊದಲ ವಾರ ಉಸಿರು ಹಿಡಿಸಿದ್ದು ಆರು ತಿಂಗಳಲ್ಲಿ ಮಾಮೂಲಾಗುತ್ತದೆ, ಆಗ ಇನ್ನೂ ಹೆಚ್ಚು ಅಶ್ವಶಕ್ತಿಯ ಕಾರಿನತ್ತ ಕಣ್ಣು ಹೋಗುತ್ತದೆ.

ಕೇಮನ್ ಮನಸ್ಸಿನಲ್ಲಿ ಉಳಿದದ್ದಕ್ಕೆ ಬಹುಶಃ ಅದರ ಸ್ಟಿಯರಿಂಗ್ ಕಾರಣ. ತಿರುವಿನಲ್ಲಿ ಮುಂದಿನ ಟೈರು ತಾನು ಸಾಗುವ ದಿಕ್ಕಿಗೆ ಸ್ವಲ್ಪ ಓರೆಯಾಗಿ ನಿಂತಾಗ, ರಸ್ತೆಗೆ ತಾಗಿದ ರಬ್ಬರು ತನ್ನನ್ನು ತಾನೇ ನೆಟ್ಟಗೆ ಮಾಡಿಕೊಳ್ಳಲು ಎಳೆಯುತ್ತದೆ; ಆ ಎಳೆತವೇ ಸ್ಟಿಯರಿಂಗ್ ಚಕ್ರದ ಭಾರವಾಗಿ ನಿಮ್ಮ ಅಂಗೈಗೆ ಬರುತ್ತದೆ. ತಿರುವು ಬಿಗಿಯಾದಂತೆಲ್ಲ ಭಾರ ಏರುತ್ತದೆ, ಆದರೆ ಟೈರಿನ ಹಿಡಿತ ತನ್ನ ತುತ್ತತುದಿ ಮುಟ್ಟುವುದಕ್ಕೆ ತುಸು ಮೊದಲೇ ಆ ಎಳೆತ ಸಡಿಲಗೊಳ್ಳತೊಡಗುತ್ತದೆ. ಅಂದರೆ ಕಾರು ಜಾರುವ ಮೊದಲೇ, ಇನ್ನು ಹೆಚ್ಚು ಕೇಳಬೇಡ ಎಂದು ಚಕ್ರವು ಬೆರಳುಗಳಿಗೆ ತಿಳಿಸಿರುತ್ತದೆ. ನೀವು ನೋಡಿದ ತಲೆಮಾರಿನ ಕೇಮನ್‌ನಲ್ಲಿ ಸ್ಟಿಯರಿಂಗ್‌ಗೆ ನೆರವಾಗುವುದು ಹೈಡ್ರಾಲಿಕ್ ಒತ್ತಡ, ಅಂದರೆ ಎಣ್ಣೆಯ ಒತ್ತಡ. ಈ ಸೂಕ್ಷ್ಮವಾದ ಏರಿಳಿತ ಅದರಲ್ಲಿ ಸೋಸಿಹೋಗದೆ ಕೈಗೆ ತಲುಪುತ್ತದೆ. 2011ರಲ್ಲಿ ಬಂದ 991 ತಲೆಮಾರಿನ 911 ಕಾರಿನೊಂದಿಗೆ ಪೋರ್ಶೆ ಸಹ ವಿದ್ಯುತ್ ಮೋಟಾರಿನ ಸ್ಟಿಯರಿಂಗ್‌ಗೆ ಬದಲಾಯಿತು, ಮುಂದಿನ ಕೇಮನ್‌ಗೂ ಅದೇ ಬಂತು. ಅದು ಕರಾರುವಾಕ್ಕಾದುದು, ಇಂಧನವನ್ನೂ ಉಳಿಸುತ್ತದೆ, ಆದರೆ ಮೊದಲಿನಷ್ಟು ಮಾತನಾಡುವುದಿಲ್ಲ ಎಂಬ ದೂರು ಅಂದಿನಿಂದಲೂ ಕೇಳಿಬರುತ್ತಿದೆ. ಈಚಿನ ವರ್ಷಗಳಲ್ಲಿ ಆ ದೂರು ಬಹಳ ಕಡಿಮೆಯಾಗಿದೆ ಎಂಬುದನ್ನೂ ಹೇಳಬೇಕು.

ಹಿಡಿತ ಹೆಚ್ಚಿದ್ದಷ್ಟೂ ಸುಖ ಹೆಚ್ಚು ಎಂಬ ಲೆಕ್ಕವೂ ತಪ್ಪು. 2012ರಲ್ಲಿ 86 ಎಂಬ ಪುಟ್ಟ ಕೂಪೆಯನ್ನು ಹೊರತಂದಾಗ ಟೊಯೊಟಾ ಅದಕ್ಕೆ ತನ್ನ ಪ್ರಿಯಸ್ ಹೈಬ್ರಿಡ್ ಕಾರಿಗೆ ಹಾಕುತ್ತಿದ್ದ ಬಗೆಯ ಸಾಧಾರಣ ಟೈರುಗಳನ್ನು ಬೇಕೆಂದೇ ಹಾಕಿತು. ಹಿಡಿತದ ಮಿತಿ ಕೆಳಗಿದ್ದರೆ, ಕಾರನ್ನು ಅದರ ಅಂಚಿನಲ್ಲಿ ಆಡಿಸುವ ಅನುಭವ ಕಡಿಮೆ ವೇಗದಲ್ಲೇ ಸಿಗುತ್ತದೆ ಎಂಬುದು ಅದರ ಹಿಂದಿನ ವಿಚಾರ. ಕೇವಲ 200 ಅಶ್ವಶಕ್ತಿಯ ಆ ಕಾರನ್ನು ಓಡಿಸುವುದರಲ್ಲಿ, ಅದರ ಮೂರರಷ್ಟು ಶಕ್ತಿಯ ಕಾರಿಗಿಂತ ಚಾಲಕನಿಗೆ ಹೆಚ್ಚು ಕೆಲಸವಿದೆ. ಸುಖವೆಂದು ನಾವು ಕರೆಯುವುದು ಬಹುಪಾಲು ಆ ಕೆಲಸವನ್ನೇ.

ಇನ್ನು ಹಣದ ಮಾತು. ದೊಡ್ಡ ಐಷಾರಾಮಿ ಕೂಪೆಯ ಬೆಲೆ ವರ್ಷ ಕಳೆದಂತೆ ಜರ್ರನೆ ಇಳಿಯುತ್ತದೆ, ಅದರ ಬಿಡಿಭಾಗಗಳ ಬೆಲೆ ಮಾತ್ರ ಇಳಿಯುವುದಿಲ್ಲ. ಕಾರು ಹೊಸದಿದ್ದಾಗಿನ ಬೆಲೆಯ ಮೂರನೇ ಒಂದು ಭಾಗಕ್ಕೆ ಸಿಕ್ಕರೂ ಅದರ ಏರ್ ಸಸ್ಪೆನ್ಷನ್, ಟರ್ಬೊ, ಗೇರ್‌ಬಾಕ್ಸ್‌ಗಳ ರಿಪೇರಿಗೆ ಬರುವ ಬಿಲ್ಲು ಪೂರ್ತಿ ಬೆಲೆಯ ಕಾರಿನದೇ ಆಗಿರುತ್ತದೆ. ವಾರಂಟಿ ಮುಗಿದ ಮೇಲೆ ಮುಂದಿನ ಗಿರಾಕಿ ಹೆದರುವುದು ಇದಕ್ಕೇ, ಬೆಲೆಯನ್ನು ಇನ್ನಷ್ಟು ಕೆಳಕ್ಕೆ ಎಳೆಯುವುದೂ ಆ ಹೆದರಿಕೆಯೇ. ಹಳೆಯ ಕೇಮನ್ ಕುಸಿತದ ಕಡಿದಾದ ಇಳಿಜಾರನ್ನು ಈಗಾಗಲೇ ಇಳಿದು ಮುಗಿಸಿದೆ. ನಷ್ಟವನ್ನು ನಿಮಗಿಂತ ಮೊದಲಿನವರು ತೆತ್ತಿದ್ದಾರೆ.

ಆದರೆ ಕಣ್ಣುಮುಚ್ಚಿ ಕೊಳ್ಳಬೇಡಿ. 2009ನೇ ಮಾದರಿಗಿಂತ ಹಿಂದಿನ ಎಂಜಿನ್‌ಗಳಲ್ಲಿ ಇಂಟರ್‌ಮೀಡಿಯೆಟ್ ಶಾಫ್ಟ್‌ನ (ವಾಲ್ವ್‌ಗಳನ್ನು ಆಡಿಸಲು ಎಂಜಿನ್‌ನ ತಿರುಗುವಿಕೆಯನ್ನು ಸಾಗಿಸುವ ದಂಡದ) ಬೇರಿಂಗ್ ಮತ್ತು ಸಿಲಿಂಡರ್ ಗೋಡೆಗೆ ಗೀರು ಬೀಳುವ ಸಮಸ್ಯೆಯ ಅಳುಕು ಇದ್ದೇ ಇದೆ. 2009ರಿಂದ ಬಂದ ಹೊಸ ವಿನ್ಯಾಸದ ಎಂಜಿನ್‌ನಲ್ಲಿ ಆ ಶಾಫ್ಟೇ ಇಲ್ಲ. ಹೆಚ್ಚು ಕೊಟ್ಟಾದರೂ ಅದನ್ನೇ ಹುಡುಕುವುದು ಒಳ್ಳೆಯದು. ಮ್ಯಾನುವಲ್ ಕಾರಾದ್ದರಿಂದ ಎಂಜಿನ್ ಕಂಪ್ಯೂಟರಿನ ದಾಖಲೆಯನ್ನು ತೆಗೆಸಿ ನೋಡಿ. ಗೇರ್ ತಪ್ಪಿ ಕೆಳಗಿನದಕ್ಕೆ ಬಿದ್ದು ಎಂಜಿನ್ ಮಿತಿಮೀರಿ ತಿರುಗಿದ್ದರೆ ಅದು ಅಲ್ಲಿ ಬರೆದಿರುತ್ತದೆ, ಮಾರುವವರು ಎಷ್ಟೇ ನಯವಾಗಿ ಮಾತನಾಡಿದರೂ.

ಪ್ರಶ್ನೆ: ಹಾಗಾದರೆ, ಓಡಿಸಲು ಖುಷಿ ಕೊಡುವ ಕಾರು ಬೆಲೆಯನ್ನೂ ಉಳಿಸಿಕೊಳ್ಳುತ್ತದೆ, ಬರೀ ವೇಗದ ಕಾರು ಕಳೆದುಕೊಳ್ಳುತ್ತದೆ ಎಂಬ ಮಾತನ್ನು ನಂಬಬಹುದೇ?

ಉತ್ತರ: ಅರ್ಧ ನಂಬಬಹುದು. ವೇಗವೆಂಬುದು ಹೋಲಿಕೆಯಿಂದ ಹುಟ್ಟುವ ಗುಣ, ಆದ್ದರಿಂದ ಅದು ಬೇಗ ಹಳತಾಗುತ್ತದೆ. 2004ರಲ್ಲಿ ಬಂದ ಫೆರಾರಿ ಎಫ್430 ಎರಡು ಬಗೆಯ ಗೇರ್‌ಬಾಕ್ಸ್‌ಗಳಲ್ಲಿ ಸಿಗುತ್ತಿತ್ತು: ಲೋಹದ ಕಂಡಿಯಲ್ಲಿ ಲಿವರ್ ಸರಿಯುವ ಮ್ಯಾನುವಲ್ ಒಂದು, ಸ್ಟಿಯರಿಂಗ್‌ನ ಹಿಂದೆ ಪ್ಯಾಡಲ್ ಇರುವ ಎಫ್1 ಎಂಬುದು ಇನ್ನೊಂದು. ಎರಡನೆಯದು 150 ಮಿಲಿಸೆಕೆಂಡಿನಲ್ಲಿ ಗೇರ್ ಬದಲಿಸುತ್ತದೆ ಎಂಬುದು ಆಗಿನ ಹೆಮ್ಮೆ. ಕೊಂಡವರಲ್ಲಿ ಹೆಚ್ಚಿನವರು ಅದನ್ನೇ ಆರಿಸಿದರು. 2009ರಲ್ಲಿ 458 ಇಟಾಲಿಯಾ, ಎರಡು ಕ್ಲಚ್‌ಗಳಿದ್ದು ಮುಂದಿನ ಗೇರನ್ನು ಮೊದಲೇ ಸಿದ್ಧವಾಗಿಡುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್‌ನೊಂದಿಗೆ ಬಂದದ್ದೇ ತಡ, ಆ ಹೆಮ್ಮೆ ಒಂದೇ ತಲೆಮಾರಿನಲ್ಲಿ ಕರಗಿಹೋಯಿತು. ಒಂಟಿ ಕ್ಲಚ್‌ನ ಪ್ಯಾಡಲ್ ಗೇರ್‌ಬಾಕ್ಸ್ ಇಂದಿನ ಕಾಲಕ್ಕೆ ಒರಟೆನಿಸುತ್ತದೆ. ಮ್ಯಾನುವಲ್ ಅಂದೇ ನಿಧಾನವಾಗಿತ್ತು, ಇಂದೂ ಅಷ್ಟೇ ನಿಧಾನ. ಸೋಲಲು ಅದು ಓಟಕ್ಕೆ ಇಳಿದೇ ಇರಲಿಲ್ಲ. ಫೆರಾರಿಯ ನಡು ಎಂಜಿನ್ (ಸೀಟಿನ ಹಿಂದೆ ಎಂಜಿನ್ ಇರುವ) ವಿ8, ಅಂದರೆ ಎಂಟು ಸಿಲಿಂಡರ್ ಕಾರುಗಳಲ್ಲಿ ಮ್ಯಾನುವಲ್ ಸಿಕ್ಕ ಕೊನೆಯದು ಎಫ್430 ಎಂಬುದೂ ಸೇರಿ, ಒಂದೇ ಎಂಜಿನ್, ಒಂದೇ ಮೈಕಟ್ಟಿನ ಈ ಎರಡು ಕಾರುಗಳಲ್ಲಿ ಮ್ಯಾನುವಲ್‌ಗೆ ಈಗ ಬಹಳ ಹೆಚ್ಚಿನ ಬೆಲೆಯಿದೆ.

ಇನ್ನೂ ಸ್ಪಷ್ಟವಾದ ಜೋಡಿ ಬೇಕೆಂದರೆ ಪೋರ್ಶೆ ಕರೇರಾ ಜಿಟಿ ಮತ್ತು ಮರ್ಸಿಡಿಸ್ ಎಸ್ಎಲ್ಆರ್ ಮೆಕ್‌ಲಾರೆನ್ ಅನ್ನು ನೋಡಿ. ಎರಡೂ 2003ರ ಆಸುಪಾಸಿನಲ್ಲಿ ಬಂದವು, ಎರಡೂ 600ಕ್ಕೆ ಮೀರಿದ ಅಶ್ವಶಕ್ತಿಯವು, ನೂರು ಮುಟ್ಟಲು ಇಬ್ಬರಿಗೂ ನಾಲ್ಕು ಸೆಕೆಂಡಿಗಿಂತ ಕಡಿಮೆ ಸಾಕು, ಹೊಸದಿದ್ದಾಗಿನ ಬೆಲೆಯೂ ಒಂದೇ ಅಂತಸ್ತಿನದು. ಒಂದರಲ್ಲಿ ಟರ್ಬೊ ಇಲ್ಲದ 5.7 ಲೀಟರ್ ವಿ10, ಆರು ಗೇರಿನ ಮ್ಯಾನುವಲ್, ಜಾರುವುದನ್ನು ತಡೆಯುವ ಸ್ಟೆಬಿಲಿಟಿ ಕಂಟ್ರೋಲ್ ಇಲ್ಲ. ಇನ್ನೊಂದರಲ್ಲಿ ಟರ್ಬೊದಂತೆಯೇ ಗಾಳಿ ತುರುಕುವ ಸೂಪರ್‌ಚಾರ್ಜರ್, ಐದು ಗೇರಿನ ಆಟೊಮ್ಯಾಟಿಕ್, ದೂರ ಪ್ರಯಾಣದ ನೆಮ್ಮದಿ. ಇಂದು ಕರೇರಾ ಜಿಟಿಯ ಬೆಲೆ ಎಸ್ಎಲ್ಆರ್‌ನ ಹಲವು ಪಟ್ಟು. ಇದೇ ಬಗೆಯಲ್ಲಿ, 1998ರಲ್ಲಿ ಗಂಟೆಗೆ 386 ಕಿಲೋಮೀಟರ್ ದಾಖಲಿಸಿದ ಮೆಕ್‌ಲಾರೆನ್ ಎಫ್1 ಅನ್ನು 2005ರಲ್ಲೇ ಬುಗಾಟಿ ವೇಯ್ರಾನ್ ಹಿಂದಿಕ್ಕಿತು. ಆದರೂ 2021ರಲ್ಲಿ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಹರಾಜಿನಲ್ಲಿ ಒಂದು ಎಫ್1 ಎರಡು ಕೋಟಿ ಡಾಲರಿಗೂ ಹೆಚ್ಚಿನ ಬೆಲೆಗೆ ಹೋಯಿತು. ವೇಯ್ರಾನ್ ಆ ಮಟ್ಟದ ಹತ್ತಿರಕ್ಕೂ ಸುಳಿದಿಲ್ಲ. ಅದೇ ಎಫ್1 ರೂಪಿಸಿದ ಗಾರ್ಡನ್ ಮರೆ 2020ರಲ್ಲಿ ತೋರಿಸಿದ ಟಿ.50 ಕಾರು 1,000 ಕಿಲೋಗ್ರಾಂಗಿಂತ ಹಗುರ, ನಿಮಿಷಕ್ಕೆ 12,100 ಸುತ್ತು ತಿರುಗುವ ವಿ12 ಅದರದು, ಗೇರ್ ಮ್ಯಾನುವಲ್. ವೇಗದ ದಾಖಲೆಯ ಗೊಡವೆಗೆ ಹೋಗುವುದಿಲ್ಲ ಎಂದು ಮೊದಲೇ ಸಾರಿಕೊಂಡ ಕಾರು ಅದು.

ನಂಬಬಾರದ ಅರ್ಧ ಇಲ್ಲಿಂದ ಶುರು. ಬೆಲೆಯನ್ನು ಎತ್ತಿ ಹಿಡಿಯುವುದು ಸುಖವೊಂದೇ ಅಲ್ಲ, ಬೇಕೆನ್ನುವವರಿಗಿಂತ ಕಾರುಗಳ ಸಂಖ್ಯೆ ಕಡಿಮೆಯಿರಬೇಕು. ಮೆಕ್‌ಲಾರೆನ್‌ನ ಈಚಿನ ರಸ್ತೆ ಕಾರುಗಳೇ ಇದಕ್ಕೆ ಸಾಕ್ಷಿ. ಎಲ್ಲರೂ ವಿದ್ಯುತ್ ಸ್ಟಿಯರಿಂಗ್‌ಗೆ ಹೋದ ಮೇಲೂ ಅವು ಹೈಡ್ರಾಲಿಕ್ ಸ್ಟಿಯರಿಂಗ್ ಬಿಡಲಿಲ್ಲ. ಕೈಗೆ ಬರುವ ಅನುಭವದಲ್ಲಿ ಅವುಗಳನ್ನು ಮೀರಿಸಿದವು ವಿರಳವೆಂದು ನನ್ನ ಅಭಿಪ್ರಾಯ. ವೇಗದಲ್ಲೂ ಕೊರತೆಯಿಲ್ಲ. ಆದರೆ 2011ರಲ್ಲಿ 12ಸಿ, 2014ರಲ್ಲಿ 650ಎಸ್, 2015ರಲ್ಲಿ 570ಎಸ್, 2017ರಲ್ಲಿ 720ಎಸ್ ಎಂದು ಒಂದರ ಬೆನ್ನಿಗೆ ಒಂದು ಬಂದಾಗ, ನಿನ್ನೆ ಕೊಂಡ ಕಾರು ಇಂದು ಹಿಂದಿನ ಮಾದರಿಯಾಯಿತು. ಮೊದಲ ಮಾಲೀಕರು ಕೈಸುಟ್ಟುಕೊಂಡರು. ಎರಡನೆಯ ಮಾಲೀಕರಿಗೆ, ರಿಪೇರಿಗೆಂದು ಬೇರೆಯಾಗಿ ಹಣ ತೆಗೆದಿಡುವ ಶಕ್ತಿ ಇದ್ದರೆ, ಇದು ಒಳ್ಳೆಯ ಅವಕಾಶವೇ.

ಆದ್ದರಿಂದ ನೀವು ಕೇಳಿದ ಎರಡು ಗುಣಗಳನ್ನು ಬೇರೆ ಬೇರೆಯಾಗಿ ತೂಗಿ. ಖುಷಿ ಕೊಡುವ, ಆದರೆ ಬೆಲೆ ಬಿದ್ದಿರುವ ಕಾರು ಎಂಬ ಮೂರನೆಯ ಜಾತಿಯೊಂದಿದೆ, ಹಣವನ್ನು ನೋಡಿಕೊಂಡು ಓಡಿಸುವವರು ಹುಡುಕಬೇಕಾದದ್ದು ಅದನ್ನು.

ಪ್ರಶ್ನೆ: ಹೊಸ ಸ್ಪೋರ್ಟ್ಸ್ ಕಾರಿಗೆ ಕಾರ್ಬನ್ ಸೆರಾಮಿಕ್ ಬ್ರೇಕ್ ಹಾಕಿಸಿಕೊಂಡರೆ ಮಾರುವಾಗ ಆ ಹಣ ವಾಪಸು ಬರುತ್ತದೆಯೇ?

ಉತ್ತರ: ಪೂರ್ತಿ ಬರುವುದಿಲ್ಲ. ಆ ಬ್ರೇಕುಗಳು ಹಗುರ, ರೇಸ್ ಟ್ರ್ಯಾಕ್‌ನಲ್ಲಿ ಸುತ್ತಿನ ಮೇಲೆ ಸುತ್ತು ಕಾದರೂ ಸೋಲುವುದಿಲ್ಲ, ಚಕ್ರಕ್ಕೆ ಕರಿ ಪುಡಿಯೂ ಅಷ್ಟಾಗಿ ಅಂಟುವುದಿಲ್ಲ. ಆದರೆ ರಸ್ತೆಯಲ್ಲಿ ಉಕ್ಕಿನ ಡಿಸ್ಕ್ ಸಾಲದೆ ಬರುವ ಸಂದರ್ಭ ಅಪರೂಪ, ಟ್ರ್ಯಾಕ್‌ನಲ್ಲಿ ಸವೆಸಿದರೆ ಹೊಸ ಸೆರಾಮಿಕ್ ಡಿಸ್ಕ್‌ನ ಬೆಲೆ ಕೇಳಿ ಹುಬ್ಬೇರುತ್ತದೆ. ಎಷ್ಟೋ ಟ್ರ್ಯಾಕ್ ಹವ್ಯಾಸಿಗಳು ಅವನ್ನು ಬಿಚ್ಚಿ ಕಪಾಟಿನಲ್ಲಿಟ್ಟು ಉಕ್ಕಿನದನ್ನೇ ಹಾಕಿಕೊಳ್ಳುತ್ತಾರೆ. ಮುಂದಿನ ಗಿರಾಕಿ ಹುಡುಕಿಕೊಂಡು ಬರುವುದು ಮ್ಯಾನುವಲ್ ಗೇರ್, ಒಳ್ಳೆಯ ಸ್ಪೋರ್ಟ್ಸ್ ಸೀಟು, ಸರಿಯಾದ ಬಣ್ಣ, ಕಡತದ ತುಂಬ ಸರ್ವಿಸ್ ದಾಖಲೆ. ಹೊಲಿಗೆಯ ದಾರದ ಬಣ್ಣಕ್ಕೆಂದು ಕೊಟ್ಟ ಹಣವನ್ನು ಮರೆತುಬಿಡಿ.

ಪ್ರಶ್ನೆ: ಎರಡು ವರ್ಷವಷ್ಟೇ ಓಡಿದ ಎಲೆಕ್ಟ್ರಿಕ್ ಸ್ಪೋರ್ಟ್ಸ್ ಸೆಡಾನ್ ಒಂದು ಹೊಸದರ ಅರ್ಧ ಬೆಲೆಗೆ ಸಿಗುತ್ತಿದೆ. ಪಿಕಪ್‌ನಲ್ಲಿ ಅದು ಪೆಟ್ರೋಲ್ ಸೂಪರ್‌ಕಾರುಗಳನ್ನೂ ಮೀರಿಸುತ್ತದೆ. ಇಷ್ಟು ಕುಸಿಯಲು ಕಾರಣವೇನು? ಅದರಲ್ಲಿ ಓಡಿಸುವ ಸುಖವಿದೆಯೇ?

ಉತ್ತರ: ಕುಸಿತಕ್ಕೆ ಕಾರಣಗಳು ಹಲವು. ಬ್ಯಾಟರಿ ತಂತ್ರಜ್ಞಾನ ಇನ್ನೂ ಬೆಳೆಯುತ್ತಿರುವುದರಿಂದ ಹೊಸ ಮಾದರಿ ಬಂದಾಗಲೆಲ್ಲ ಹಳೆಯದರ ವ್ಯಾಪ್ತಿ, ಚಾರ್ಜಿಂಗ್ ವೇಗ ಸಪ್ಪೆಯಾಗಿ ಕಾಣುತ್ತವೆ; ಹಳೆಯ ಬ್ಯಾಟರಿಯ ಬಗ್ಗೆ ಗಿರಾಕಿಗೆ ಅನುಮಾನವಿದೆ; 2023ರಲ್ಲಿ ಟೆಸ್ಲಾ ಮಾಡಿದಂತೆ ಕಂಪನಿಯೇ ಹೊಸ ಕಾರಿನ ಬೆಲೆ ಇಳಿಸಿದರೆ ಹಳೆಯದು ತಾನಾಗಿ ಕೆಳಗಿಳಿಯುತ್ತದೆ. ಇವೆಲ್ಲಕ್ಕಿಂತ ನನಗೆ ಮುಖ್ಯವೆನಿಸುವ ಕಾರಣ ಬೇರೆ. ಸಾವಿರ ಅಶ್ವಶಕ್ತಿಯ ಕುಟುಂಬ ಸೆಡಾನ್ ಮಾರಾಟಕ್ಕೆ ಬಂದ ದಿನವೇ, ನೇರ ರಸ್ತೆಯ ಪಿಕಪ್ ಎಂಬುದು ಅಪರೂಪದ ವಸ್ತುವಾಗಿ ಉಳಿಯಲಿಲ್ಲ. ಎಲ್ಲರ ಬಳಿಯೂ ಇರಬಹುದಾದದ್ದಕ್ಕೆ ಹೆಚ್ಚಿನ ಬೆಲೆ ಕೊಡುವವರು ಯಾರು?

ಸುಖದ ವಿಷಯದಲ್ಲಿ ನಾನು ಪೂರ್ತಿ ಇಲ್ಲವೆನ್ನಲಾರೆ. ಬ್ಯಾಟರಿ ನೆಲದಲ್ಲಿರುವುದರಿಂದ ಗುರುತ್ವಕೇಂದ್ರ ಬಹಳ ಕೆಳಗಿರುತ್ತದೆ, ಕಾಲು ಅಲುಗಿಸಿದ ಕ್ಷಣದಲ್ಲೇ ಮೋಟಾರು ಓಗೊಡುತ್ತದೆ. ಆದರೆ ಎರಡು ಟನ್ನಿಗೆ ಮೀರಿದ ತೂಕವನ್ನು ತಿರುವಿನೊಳಗೆ ತರುವಾಗ ಯಾವ ಸಾಫ್ಟ್‌ವೇರೂ ಅದನ್ನು ಪೂರ್ತಿ ಮರೆಮಾಚಲಾರದು, ಗೇರ್ ಬದಲಿಸುವ, ಎಂಜಿನ್ ಸುತ್ತು ಏರುವುದನ್ನು ಕಿವಿಯಿಂದ ಅಳೆಯುವ ಕೆಲಸವೂ ಇಲ್ಲ. ಹ್ಯುಂಡೈ ಕಂಪನಿ 2023ರಲ್ಲಿ ತಂದ ಅಯಾನಿಕ್ 5 ಎನ್ ಕಾರಿನಲ್ಲಿ ಇಲ್ಲದ ಗೇರುಗಳನ್ನು ಇರುವಂತೆ ನಟಿಸುವ, ಜರ್ಕನ್ನೂ ಎಂಜಿನ್ ಸದ್ದನ್ನೂ ಹುಟ್ಟಿಸುವ ವ್ಯವಸ್ಥೆ ಇದೆ. ಅದನ್ನು ಹಾಕಿಕೊಂಡರೆ ಕಾರು ಕೊಂಚವೂ ಬೇಗ ಓಡುವುದಿಲ್ಲ, ಆದರೂ ಓಡಿಸಿದವರಲ್ಲಿ ಬಹಳ ಮಂದಿ ಮೆಚ್ಚಿಕೊಂಡರು. ವೇಗ ಕೈಗೆ ಸಿಕ್ಕ ಮೇಲೆ ಜನ ಏನನ್ನು ಕೇಳುತ್ತಾರೆ ಎಂಬುದು ತಯಾರಕರಿಗೂ ಅರ್ಥವಾಗಿದೆ. 2024ರಲ್ಲಿ ಬುಗಾಟಿ ತನ್ನ ಹೊಸ ಟೂರ್‌ಬಿಯೋನ್‌ಗೆ ಟರ್ಬೊ ಇಲ್ಲದ ವಿ16 ಎಂಜಿನ್ನನ್ನೇ ಇಟ್ಟುಕೊಂಡು, ವಿದ್ಯುತ್ ಮೋಟಾರುಗಳನ್ನು ಅದರ ಜೊತೆಗೆ ಸೇರಿಸಿತು.

ನಿಮ್ಮ ಪ್ರತಿದಿನದ ಓಡಾಟಕ್ಕೆ ಎಂದಾದರೆ ಆ ಸೆಡಾನ್ ಒಳ್ಳೆಯ ವ್ಯಾಪಾರ. ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇರುತ್ತದೆ. ಅದರಲ್ಲಿ ಎಷ್ಟು ಉಳಿದಿದೆ, ಎರಡನೆಯ ಮಾಲೀಕರಿಗೆ ಅದು ಸಲ್ಲುತ್ತದೆಯೇ ಎಂದು ಕೇಳಿ, ಬ್ಯಾಟರಿಯ ಆರೋಗ್ಯದ ವರದಿಯನ್ನು ಕಾಗದದಲ್ಲಿ ಪಡೆಯಿರಿ. ಮುಂದೆ ಮಾರುವಾಗ ಬೆಲೆ ಇನ್ನೂ ಇಳಿದಿರುತ್ತದೆ ಎಂದುಕೊಂಡೇ ಕೊಳ್ಳಿ.

ಪ್ರಶ್ನೆ: ಸೀಮಿತ ಸಂಖ್ಯೆಯಲ್ಲಿ ತಯಾರಾದ ಮ್ಯಾನುವಲ್ ಸ್ಪೋರ್ಟ್ಸ್ ಕಾರೊಂದು ನನ್ನಲ್ಲಿದೆ. ಕೊಂಡ ಬೆಲೆಗಿಂತ ಈಗಿನ ಬೆಲೆ ಹೆಚ್ಚು. ಓಡಿಸಿದಷ್ಟೂ ಅದು ಕಡಿಮೆಯಾಗುತ್ತದೆ ಎಂದು ಬಹುಪಾಲು ಗ್ಯಾರೇಜಿನಲ್ಲೇ ನಿಲ್ಲಿಸಿದ್ದೇನೆ. ಓಡಿಸಿದರೆ ನಷ್ಟ, ಓಡಿಸದಿದ್ದರೆ ಬೇಸರ. ಏನು ಮಾಡಲಿ?

ಉತ್ತರ: ಆ ಹೆಚ್ಚಿನ ಬೆಲೆ ನಿಮ್ಮ ಜೇಬಿನಲ್ಲಿದೆ ಎಂದು ಭಾವಿಸುವುದನ್ನು ಮೊದಲು ಬಿಡಿ. 2016ರ ಪೋರ್ಶೆ 911 ಆರ್ ಕಥೆ ನಿಮಗೆ ತಿಳಿದಿರಬಹುದು. ಟ್ರ್ಯಾಕ್‌ಗೆಂದು ಹದಗೊಳಿಸಿದ 2013ರ 911 ಜಿಟಿ3, ಲ್ಯಾಪ್ ಸಮಯದ (ಒಂದು ಸುತ್ತಿಗೆ ಹಿಡಿಯುವ ಸಮಯದ) ಹೆಸರಿನಲ್ಲಿ ಪಿಡಿಕೆ ಎಂಬ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್‌ನೊಂದಿಗೆ ಮಾತ್ರ ಬಂದದ್ದರಿಂದ ಮ್ಯಾನುವಲ್ ಪ್ರಿಯರು ಮುನಿಸಿಕೊಂಡಿದ್ದರು. ಆಗ ಬರೀ ಮ್ಯಾನುವಲ್‌ನಲ್ಲಿ, ಒಟ್ಟು 991 ಕಾರುಗಳಿಗೆ ಸೀಮಿತವಾಗಿ ಬಂದ 911 ಆರ್ ಬೆಲೆ ಮೂಲ ದರದ ಹಲವು ಪಟ್ಟಿಗೆ ಹಾರಿತು. ಮರುವರ್ಷ ಪೋರ್ಶೆ ಸಾಮಾನ್ಯ ಜಿಟಿ3ಗೇ ಮ್ಯಾನುವಲ್ ಕೊಟ್ಟಿತು, ಅದರ ಹಿಂದೆಯೇ ದೊಡ್ಡ ರೆಕ್ಕೆಯಿಲ್ಲದ ಟೂರಿಂಗ್ ಮಾದರಿಯೂ ಬಂತು; ಆರ್‌ನ ಬೆಲೆ ಸದ್ದಿಲ್ಲದೆ ಬಹಳಷ್ಟು ಕೆಳಗಿಳಿಯಿತು. ಅದು ಈಗಲೂ ಅಪರೂಪದ, ದುಬಾರಿ ಕಾರೇ. ಆದರೆ ತುತ್ತತುದಿಯಲ್ಲಿ ಕೊಂಡು ಒಂದು ಕಿಲೋಮೀಟರೂ ಓಡಿಸದೆ ಕಾದವರು ಸುಖವನ್ನೂ ಲಾಭವನ್ನೂ ಕಳೆದುಕೊಂಡರು. ಕಾರ್ಖಾನೆಯ ಒಂದು ತೀರ್ಮಾನಕ್ಕೆ ಅಲುಗಾಡುವ ಬೆಲೆಯನ್ನು ಕಾಯುತ್ತ ಕೂರುವುದು ನನಗೆ ಜಾಣತನವಾಗಿ ಕಾಣುವುದಿಲ್ಲ.

ಈಗ ಲೆಕ್ಕ ಹಾಕಿ. ಉದಾಹರಣೆಗೆ, ಇಂದಿನ ಬೆಲೆಯನ್ನು ನೂರು ಪಾಲು ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 4,000 ಕಿಲೋಮೀಟರಿನಂತೆ ಐದು ವರ್ಷ ಓಡಿಸಿದರೆ, ನಿಲ್ಲಿಸಿಟ್ಟ ಕಾರಿಗಿಂತ ನಿಮ್ಮದಕ್ಕೆ ಹದಿನೈದು ಪಾಲು ಕಡಿಮೆ ಸಿಗಬಹುದೆಂದು ಊಹಿಸಿ. ಆ ಹದಿನೈದನ್ನು 20,000 ಕಿಲೋಮೀಟರಿಗೆ ಹಂಚಿದರೆ ಪ್ರತಿ ಕಿಲೋಮೀಟರಿನ ಸುಖದ ದರ ಸಿಗುತ್ತದೆ. ಹೊಸದಾಗಿ ಕೊಂಡು ಅಷ್ಟೇ ಓಡಿಸುವಷ್ಟರಲ್ಲಿ ನಲವತ್ತು ಪಾಲು ಕಳೆದುಕೊಳ್ಳುವ ಐಷಾರಾಮಿ ಕಾರಿನೊಂದಿಗೆ ಅದನ್ನು ಹೋಲಿಸಿದರೆ ನಿಮ್ಮದೇ ಅಗ್ಗ. ಇತ್ತ ನಿಲ್ಲಿಸಿಟ್ಟರೂ ಖರ್ಚು ತಪ್ಪುವುದಿಲ್ಲ: ವಿಮೆ ಕಟ್ಟಬೇಕು, ಹೂಡಿದ ಹಣ ಬೇರೆಡೆ ದುಡಿಯುವುದಿಲ್ಲ, ಬ್ಯಾಟರಿ ಇಳಿಯುತ್ತದೆ, ಪೆಟ್ರೋಲ್ ಹಳಸುತ್ತದೆ, ರಬ್ಬರ್ ಸೀಲುಗಳು ಒಣಗಿ ಎಣ್ಣೆ ಜಿನುಗತೊಡಗುತ್ತದೆ. ಫೆರಾರಿ ಎಫ್355ರಂಥ ಕಾರುಗಳಲ್ಲಿ ಟೈಮಿಂಗ್ ಬೆಲ್ಟನ್ನು ಓಡಿದ ದೂರಕ್ಕಲ್ಲ, ಕಳೆದ ವರ್ಷಗಳಿಗೆ ತಕ್ಕಂತೆ ಬದಲಿಸಬೇಕಾಗುತ್ತದೆ, ಅದಕ್ಕಾಗಿ ಎಂಜಿನ್ನನ್ನೇ ಹೊರಗೆ ಇಳಿಸಬೇಕು. ಗ್ಯಾರೇಜಿನಲ್ಲಿದ್ದರೂ ಆ ಗಡುವು ಬರುತ್ತದೆ.

ಹೆಚ್ಚು ಓಡಿದ ಕಾರನ್ನು ಗಿರಾಕಿ ಕೀಳಾಗಿ ಕಾಣುತ್ತಾನೆ ಎಂಬ ಭಯಕ್ಕೂ ಮಿತಿಯಿದೆ. ಸಂಗ್ರಹಕ್ಕೆಂದೇ ಕೊಳ್ಳುವವರಿಗೆ ಮೀಟರಿನ ಅಂಕಿ ಮುಖ್ಯ, ನಿಜ. ಓಡಿಸಲೆಂದು ಕೊಳ್ಳುವವರು ಮಾತ್ರ ವರ್ಷಗಟ್ಟಲೆ ನಿಂತ ಕಾರಿಗಿಂತ, ಮಿತವಾಗಿ ಆದರೆ ತಪ್ಪದೆ ಓಡಿ, ಪ್ರತಿ ವರ್ಷ ಎಣ್ಣೆ ಬದಲಾಯಿಸಿದ ರಸೀದಿಯಿರುವ ಕಾರನ್ನೇ ಹೆಚ್ಚು ನಂಬುತ್ತಾರೆ. ನಾನಾಗಿದ್ದರೂ ಅದನ್ನೇ ಕೊಳ್ಳುತ್ತಿದ್ದೆ.

ಹೊರಡುವ ಮೊದಲು ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ನೋಡಿ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಐದು ವರ್ಷ ದಾಟಿದ್ದರೆ ತಿಳಿದವರಿಂದ ಪರೀಕ್ಷೆ ಮಾಡಿಸಿ, ಹತ್ತಾಗಿದ್ದರೆ ಗೀರಿನ ಆಳ ಎಷ್ಟೇ ಚೆನ್ನಾಗಿ ಕಂಡರೂ ಬದಲಿಸಿ. ನಿಂತು ಗಟ್ಟಿಯಾದ ರಬ್ಬರಿಗೆ ಹೊಸದರ ಹಿಡಿತವಿರುವುದಿಲ್ಲ, ಕಾರಿನ ಸ್ಟಿಯರಿಂಗ್ ಎಂಥದು ಎಂಬುದೂ ಅದರ ಮೇಲೆ ಗೊತ್ತಾಗುವುದಿಲ್ಲ. ಹೊಸ ಟೈರು, ಹೊಸ ಎಣ್ಣೆ, ಹೊಸ ಬ್ರೇಕ್ ದ್ರವ ಹಾಕಿಸಿ, ಮೊದಲ ಅರ್ಧ ಗಂಟೆ ಎಂಜಿನ್ನನ್ನು ದುಡಿಸದೆ ನಿಧಾನವಾಗಿ ಕಾಯಲು ಬಿಡಿ. ಆಮೇಲೆ ನಿಮ್ಮಿಷ್ಟ.